ವೆಸ್ಟ್‌ಲೇಕ್: ಯಾವ ಹೆಸರಿನಿಂದ ಓದು ಶುರು ಮಾಡಬೇಕು?

ಅಮೆರಿಕದ ಕಾದಂಬರಿಕಾರ ಡೊನಾಲ್ಡ್ ವೆಸ್ಟ್‌ಲೇಕ್ ಹಲವು ಹೆಸರುಗಳಲ್ಲಿ ಬರೆದರು. ರಿಚರ್ಡ್ ಸ್ಟಾರ್ಕ್ ಹೆಸರಿನ ‘ದಿ ಹಂಟರ್’ (1962) ಹಿಡಿದರೆ ಪಾರ್ಕರ್ ಎಂಬ ಕಳ್ಳ ಸಿಗುತ್ತಾನೆ. ಮಾತು ಕಡಿಮೆ, ಕರುಣೆ ಇನ್ನೂ ಕಡಿಮೆ. ತನಗೆ ಬರಬೇಕಾದ ದುಡ್ಡಿಗಾಗಿ ದೊಡ್ಡ ಗ್ಯಾಂಗನ್ನೇ ಎದುರು ಹಾಕಿಕೊಳ್ಳುತ್ತಾನೆ. ವಾಕ್ಯಗಳೂ ಅವನಂತೆಯೇ ಚುಟುಕು.

ಸ್ವಂತ ಹೆಸರಿನ ‘ದಿ ಹಾಟ್ ರಾಕ್’ (1970) ಪೂರ್ತಿ ಬೇರೆ. ಇದನ್ನೂ ಪಾರ್ಕರ್ ಕಥೆಯಾಗಿಯೇ ಶುರು ಮಾಡಿದ್ದರು. ಆದರೆ ಒಂದೇ ಪಚ್ಚೆಯನ್ನು ಮತ್ತೆ ಮತ್ತೆ ಕದಿಯುವ ಪಾಡು ನಗು ತರಿಸುತ್ತದೆ ಅಲ್ವಾ? ಹಾಗಾಗಿ ಪಾರ್ಕರ್ ಬದಲು ಡಾರ್ಟ್‌ಮಂಡರ್ ಎಂಬ ಕಳ್ಳ ಹುಟ್ಟಿದ. ಅವನ ಪ್ಲ್ಯಾನು ಪಕ್ಕಾ, ಅದೃಷ್ಟ ಮಾತ್ರ ಪ್ರತಿ ಸಲವೂ ಕೈಕೊಡುತ್ತದೆ.

ಟಕರ್ ಕೋ ಹೆಸರಿನ ಕಥೆಗಳಲ್ಲಿ ಕೆಲಸ ಕಳೆದುಕೊಂಡ ಪೊಲೀಸನ ಕೊರಗೇ ಜಾಸ್ತಿ. ಅದು ಆಮೇಲಿರಲಿ.

ಬಿಗಿಯಾದ ಕಥೆ ಬೇಕಾದರೆ ಸ್ಟಾರ್ಕ್, ನಗು ಬೇಕಾದರೆ ವೆಸ್ಟ್‌ಲೇಕ್. ಎರಡನ್ನೂ ಓದುವವರು ಪಾರ್ಕರ್‌ನನ್ನೇ ಮೊದಲು ಓದಿ. ಆಮೇಲೆ ಡಾರ್ಟ್‌ಮಂಡರ್ ಇನ್ನೂ ಚೆನ್ನಾಗಿ ನಗಿಸುತ್ತಾನೆ.