ಲಾರಿಯ ಹೊದಿಕೆ: ಹತ್ತಿಯ ತಾಡಪಾಲು ಮತ್ತು ಪಿವಿಸಿ, ಹಲವು ಮಳೆಗಾಲಗಳ ಬಳಕೆಯ ನಂತರ

ದಾವಣಗೆರೆಯಲ್ಲಿ ಹತ್ತು ಚಕ್ರದ ಲಾರಿಯೊಂದನ್ನು ಇಟ್ಟುಕೊಂಡು, ಸುಗ್ಗಿಯ ಕಾಲಕ್ಕೆ ಮೆಕ್ಕೆಜೋಳವನ್ನೂ ಉಳಿದ ತಿಂಗಳುಗಳಲ್ಲಿ ಸಿಮೆಂಟು, ಗೊಬ್ಬರ ಮತ್ತು ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಶೇಂಗಾ ಹಿಂಡಿಯನ್ನೂ ಸಾಗಿಸುವ ನಾನು, ಕೆಲವು ವರ್ಷಗಳಿಂದ ಎರಡು ಬಗೆಯ ಹೊದಿಕೆಗಳನ್ನು ಸರದಿಯ ಮೇಲೆ ಬಳಸುತ್ತಿದ್ದೇನೆ. ಒಂದು ಮೇಣ ಹತ್ತಿಸಿದ ಹತ್ತಿ ಕ್ಯಾನ್ವಾಸಿನ ತಾಡಪಾಲು. ಇನ್ನೊಂದು ಪಾಲಿಯೆಸ್ಟರ್ ನೇಯ್ಗೆಯ ಎರಡೂ ಮೈಗೆ ಪಿವಿಸಿ ಎಂಬ ಪ್ಲಾಸ್ಟಿಕ್ ಲೇಪಿಸಿದ ಹೊದಿಕೆ. ಎರಡೂ 32 ಅಡಿ ಉದ್ದ, 20 ಅಡಿ ಅಗಲ. ಕೊಳ್ಳಲು ಹೋದವರು ಮೊದಲು ವಿಚಾರಿಸುವುದು ಬಟ್ಟೆ ಯಾವುದು, ದಪ್ಪ ಎಷ್ಟು ಎಂದು. ಅದು ಬೇಕಾದ ವಿಚಾರವೇ. ಆದರೆ ಹೊದಿಕೆ ಎಷ್ಟು ಮಳೆಗಾಲ ಬಾಳುತ್ತದೆ ಎಂಬುದನ್ನು ಬಟ್ಟೆಗಿಂತ ಹೆಚ್ಚಾಗಿ ಅದರ ಅಂಚು, ಮೂಲೆ, ಹಗ್ಗ ಪೋಣಿಸುವ ಲೋಹದ ರಿಂಗು ಮತ್ತು ಹಗ್ಗಗಳೇ ತೀರ್ಮಾನಿಸುತ್ತವೆ ಎಂಬುದು ಇಷ್ಟು ಕಾಲದ ಬಳಕೆಯಿಂದ ನನಗೆ ಖಚಿತವಾಗಿದೆ.

ಇದಕ್ಕೆ ಕಾರಣ ಗಾಳಿ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 40 ಕಿಲೋಮೀಟರಿನಲ್ಲಿ ಓಡುವ ಲಾರಿ 60ಕ್ಕೆ ಏರಿದಾಗ ಹೊದಿಕೆಯ ಮೇಲಿನ ಒತ್ತಡ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. 60ರಲ್ಲಿ ಗಾಳಿಗೆ ಎದುರಾಗಿ ನಿಂತ ಪ್ರತಿ ಚದರ ಮೀಟರಿನ ಮೇಲೆ ಸುಮಾರು 17 ಕಿಲೋ ಭಾರ ಬೀಳುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಆ ಕಡೆ ಹೋಗುವಾಗ ಲಾರಿಯ ವೇಗದ ಗಾಳಿಯ ಜೊತೆಗೆ ಪಕ್ಕದಿಂದ ಬೀಸುವ ಗಾಳಿಯೂ ಸೇರುತ್ತದೆ. ಬಿಗಿಯಾಗಿ ಕೂತ ಹೊದಿಕೆ ಇದನ್ನು ತಡೆದುಕೊಳ್ಳುತ್ತದೆ. ಎಲ್ಲಿ ಒಂದು ಗೇಣು ಸಡಿಲ ಉಳಿದಿದೆಯೋ ಅಲ್ಲಿ ಬಟ್ಟೆ ಪಟಪಟನೆ ಬಡಿಯಲು ತೊಡಗುತ್ತದೆ, ಬಡಿದ ಜಾಗದಲ್ಲೇ ನೂಲು ಸವೆಯುತ್ತದೆ, ಕೊನೆಗೆ ಹರಿಯುವುದೂ ಅಲ್ಲಿಯೇ. ನನ್ನ ಎರಡು ಹೊದಿಕೆಗಳಲ್ಲೂ ನಡುಭಾಗ ಇಂದಿಗೂ ಗಟ್ಟಿಯಾಗಿದೆ. ತೇಪೆಗಳೆಲ್ಲ ಅಂಚಿನಲ್ಲಿ ಮತ್ತು ಕ್ಯಾಬಿನ್ನಿನ ಹಿಂದಿನ ಮೂಲೆಗಳಲ್ಲಿ ಇವೆ.

ಹತ್ತಿಯ ತಾಡಪಾಲನ್ನು ಹೊಲಿದುಕೊಟ್ಟ ಹಿರಿಯರು ಲಾರಿಯನ್ನು ಲೋಡು ಸಮೇತ ತರಬೇಕೆಂದು ಹೇಳಿದ್ದರು. ಆ ಮಾತಿನ ಬೆಲೆ ಬಳಕೆಯಲ್ಲಿ ಗೊತ್ತಾಯಿತು. ಲಾರಿಯ ಖಾಲಿ ಬಾಡಿಯ ಅಳತೆ ತೆಗೆದರೆ ಚೀಲಗಳ ರಾಶಿ ಮೇಲೇರಿದಾಗ ಹೊದಿಕೆಯ ಅಂಚು ಕೊಕ್ಕೆಯವರೆಗೆ ಇಳಿಯುವುದಿಲ್ಲ, ಆಗ ಹಗ್ಗವನ್ನು ಉದ್ದ ಬಿಟ್ಟು ಕಟ್ಟಬೇಕಾಗುತ್ತದೆ. ಅವರು ಬಾಡಿಯ ಒಂದೊಂದು ಕೊಕ್ಕೆಯ ಅಂತರವನ್ನೂ ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗುರುತಿಸಿಕೊಂಡು, ಆ ಗುರುತಿನ ಮೇಲೆಯೇ ರಿಂಗುಗಳನ್ನು ಕೂರಿಸಿದರು. ಹೀಗಾದಾಗ ಹಗ್ಗ ನೇರ ಕೆಳಕ್ಕೆ ಎಳೆಯುತ್ತದೆ. ಸಿದ್ಧ ಹೊದಿಕೆಗಳಲ್ಲಿ ರಿಂಗುಗಳು ಸಮ ಅಂತರದಲ್ಲಿರುತ್ತವೆ, ಕೊಕ್ಕೆಗಳು ಎಲ್ಲಿವೆಯೋ ಯಾರಿಗೆ ಗೊತ್ತು. ಎಳೆತ ಓರೆಯಾಗುತ್ತದೆ, ರಿಂಗಿನ ಒಂದೇ ಬದಿಗೆ ಭಾರ ಬಿದ್ದು ಅದು ಬಟ್ಟೆಯನ್ನು ಸೀಳಿಕೊಂಡು ಹೊರಬರುತ್ತದೆ. ಅಂಚಿನ ಮಡಿಕೆಯೊಳಗೆ ಸುತ್ತಲೂ ಹಗ್ಗವಿಟ್ಟು ಹೊಲಿದದ್ದು ಇನ್ನೊಂದು ಒಳ್ಳೆಯ ಕೆಲಸ, ಏಕೆಂದರೆ ರಿಂಗುಗಳ ಎಳೆತವನ್ನು ಆ ಹಗ್ಗ ಉದ್ದಕ್ಕೂ ಹಂಚಿಬಿಡುತ್ತದೆ. ಮೂಲೆಗಳಿಗೆ ಹೆಚ್ಚಿನ ಬಟ್ಟೆಯ ಪದರ ಕೊಟ್ಟು ಹೊಲಿಯುವುದನ್ನೂ ಕೇಳಿಯೇ ಮಾಡಿಸಬೇಕು, ಕೇಳದಿದ್ದರೆ ಬಹಳ ಕಡೆ ಮಾಡುವುದಿಲ್ಲ.

ಪಿವಿಸಿ ಹೊದಿಕೆಯನ್ನು ಬೇರೊಂದು ಅಂಗಡಿಯಲ್ಲಿ ಮಾಡಿಸಿದ್ದು, ಅಲ್ಲಿ ರಿಂಗಿನ ವಿಷಯದಲ್ಲಿ ನನಗೆ ಮೋಸವಾಯಿತು. ಹಿತ್ತಾಳೆ ಎಂದು ಹೇಳಿ ಹಾಕಿದ್ದು ಹಿತ್ತಾಳೆಯ ಬಣ್ಣ ಲೇಪಿಸಿದ ಕಬ್ಬಿಣ. ಮೊದಲ ಮಳೆಗಾಲ ಮುಗಿಯುವ ಮುನ್ನವೇ ತುಕ್ಕು ಕಾಣಿಸಿಕೊಂಡಿತು, ಎಲ್ಲವನ್ನೂ ಕಿತ್ತು ಬೇರೆ ಹಾಕಿಸಬೇಕಾಯಿತು. ಹಿತ್ತಾಳೆಗೆ ಅಯಸ್ಕಾಂತ ಹತ್ತುವುದಿಲ್ಲ. ಕೊಳ್ಳುವವರು ಒಂದು ಸಣ್ಣ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳಿತು. ಹತ್ತಿಯ ಬಟ್ಟೆಗಂತೂ ತುಕ್ಕು ದೊಡ್ಡ ಶತ್ರು, ಅದು ತಗಲಿದ ಕಡೆ ನೂಲು ಪುಡಿಯಾಗುತ್ತದೆ.

ಇನ್ನು ಬಟ್ಟೆಯ ಮಾತು. ನಮ್ಮ ಭಾಗದ ಮುಂಗಾರು ಮೆಕ್ಕೆಜೋಳ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ದಾವಣಗೆರೆಯ ಮಾರುಕಟ್ಟೆಗೆ ಬರುತ್ತದೆ. ಕೋಳಿ ಆಹಾರಕ್ಕಾಗಿ ಅದರಲ್ಲಿ ಒಂದು ಪಾಲು ತಮಿಳುನಾಡಿನ ನಾಮಕ್ಕಲ್ ಕಡೆಗೆ ಹೋಗುತ್ತದೆ. ಹಿಂಗಾರು ಮಳೆ ಅಲ್ಲಿ ಸುರಿಯುವುದೂ ಅದೇ ತಿಂಗಳುಗಳಲ್ಲಿ. ಹೀಗಾಗಿ ಹೊರಗಿನ ನೀರನ್ನು ತಡೆಯಬೇಕು, ಒಳಗಿನ ಹಬೆಯನ್ನು ಹೊರಕ್ಕೆ ಬಿಡಬೇಕು. ಕಾಳಿನ ತೇವಾಂಶ 14 ಶೇಕಡಾಕ್ಕಿಂತ ಹೆಚ್ಚಿದ್ದರೆ ಬೂಷ್ಟಿನ ಭಯವಿದೆ, ಬೂಷ್ಟು ಹಿಡಿದ ಕಾಳಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಕೋಳಿಗಳಿಗೆ ಮಾರಕ, ಆದ್ದರಿಂದ ಕೊಳ್ಳುವವರು ಲೋಡು ಇಳಿಸುವ ಮೊದಲು ಪರೀಕ್ಷೆ ಮಾಡುತ್ತಾರೆ. ಪಿವಿಸಿ ಹೊದಿಕೆಯೊಳಗೆ ಹಗಲು ಬಿಸಿಲಿಗೆ ಕಾಳಿನಿಂದ ಎದ್ದ ಹಬೆ ರಾತ್ರಿ ತಂಪಿಗೆ ಒಳಮೈಯಲ್ಲಿ ಹನಿಗಟ್ಟಿ ಮೇಲಿನ ಚೀಲಗಳ ಮೇಲೆಯೇ ತೊಟ್ಟಿಕ್ಕುತ್ತದೆ. ಮಳೆಯ ಒಂದು ಹನಿಯೂ ಒಳಗೆ ಬಾರದಿದ್ದರೂ ಮೇಲಿನ ಸಾಲು ಒದ್ದೆಯಾಗಿರುವುದನ್ನು ನಾನು ಕಂಡಿದ್ದೇನೆ. ಹತ್ತಿಯ ಕ್ಯಾನ್ವಾಸು ಹಬೆಯನ್ನು ಹೊರಬಿಡುತ್ತದೆ. ಮಳೆ ಬಿದ್ದಾಗ ಅದರ ನೂಲು ಉಬ್ಬಿ ನೇಯ್ಗೆಯ ಸಂದುಗಳು ಮುಚ್ಚಿಕೊಳ್ಳುತ್ತವೆ, ಹತ್ತಿಯ ದಾರದಿಂದ ಹೊಲಿದಿದ್ದರೆ ಸೂಜಿಯ ತೂತುಗಳೂ ಹಾಗೆಯೇ ಮುಚ್ಚುತ್ತವೆ. ಮೆಕ್ಕೆಜೋಳಕ್ಕೆ ಹತ್ತಿಯೇ ಸರಿ, ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಸಿಮೆಂಟಿಗೆ ಮತ್ತು ಗೊಬ್ಬರಕ್ಕೆ ಪಿವಿಸಿ. ಅವುಗಳಿಂದ ಹಬೆ ಏಳುವ ಪ್ರಶ್ನೆಯಿಲ್ಲ, ಒಂದು ತೊಟ್ಟು ನೀರು ಇಳಿದರೂ ಚೀಲ ಹಾಳು. ನನ್ನದು ಚದರ ಮೀಟರಿಗೆ 650 ಗ್ರಾಂ ತೂಗುವ ಬಗೆಯದಾದ್ದರಿಂದ ಇಡೀ ಹೊದಿಕೆ ಸುಮಾರು 39 ಕಿಲೋ ಆಗುತ್ತದೆ. ಮಳೆಯಲ್ಲೂ ಅಷ್ಟೇ, ಏಕೆಂದರೆ ಅದು ನೀರು ಕುಡಿಯುವುದಿಲ್ಲ. ಹತ್ತಿಯದು ನೆನೆದಾಗ ಚಾಲಕ ಮತ್ತು ಕ್ಲೀನರ್ ಇಬ್ಬರೇ ಸೇರಿ ಮೇಲೇರಿಸುವುದು ನಿಜಕ್ಕೂ ಕಷ್ಟ, ಆ ಕೆಲಸ ಮಾಡುವವರ ಬೆನ್ನನ್ನು ಯೋಚಿಸಿಯಾದರೂ ಮಾಲೀಕರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ದಾರಿಯಲ್ಲಿ ಹರಿದರೆ ಹತ್ತಿಯದನ್ನು ದಬ್ಬಳ ಮತ್ತು ಹುರಿಯಿಂದ ಅಲ್ಲೇ ಹೊಲಿದುಕೊಳ್ಳಬಹುದು. ಪಿವಿಸಿಯ ತೇಪೆಯನ್ನು ಬಿಸಿಗಾಳಿಯ ಯಂತ್ರದಿಂದ ಬೆಸೆಯಬೇಕು, ಅದು ಎಲ್ಲ ಊರಿನಲ್ಲೂ ಸಿಗದು. ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿಕೊಂಡ ಪಿವಿಸಿ ಬಿರುಸಾಗಿ, ಮಡಿಸುವ ಗೆರೆಗಳಲ್ಲಿ ಬಿರುಕು ಬಿಡತೊಡಗುತ್ತದೆ. ನನ್ನದರಲ್ಲಿ ಆ ಗೆರೆಗಳು ಈಗ ಕಾಣುತ್ತಿವೆ, ಅದಕ್ಕಾಗಿ ಮಡಿಸುವ ಬದಲು ಸುರುಳಿ ಸುತ್ತಿ ಇಡುತ್ತಿದ್ದೇವೆ.

ಕಣದಲ್ಲಿ ಕಾಳು ಒಣಗಿಸಲು ರೈತರು ಬಳಸುವ ತೆಳು ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆಗಳು ಆ ಕೆಲಸಕ್ಕೆ ಚೆನ್ನಾಗಿವೆ, ಅದಕ್ಕೆ ಐಎಸ್ 7903 ಎಂಬ ಭಾರತೀಯ ಮಾನದಂಡವೂ ಇದೆ. ಓಡುವ ಲಾರಿಗೆ ಅವು ಬೇಡ.

ಹಗ್ಗದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅಗ್ಗದ ಪಾಲಿಪ್ರೊಪಿಲೀನ್ ಹಗ್ಗ ಬಿಸಿಲಿಗೆ ಬೇಗ ಸೊರಗುತ್ತದೆ, ಮೇಲ್ಮೈಯಲ್ಲಿ ಕೂದಲಿನಂತೆ ಎಳೆಗಳು ಎದ್ದರೆ ಬದಲಿಸುವ ಕಾಲ ಬಂದಿದೆ ಎಂದರ್ಥ. ಕಟ್ಟಿ ಹೊರಟ ಮೇಲೆ ಚೀಲಗಳು ಕುಲುಕಿ ಕೂರುವುದರಿಂದ ರಾಶಿ ತುಸು ಇಳಿದು ಹಗ್ಗ ಸಡಿಲವಾಗುತ್ತದೆ. ಹೊರಟ ಗಂಟೆಯೊಳಗೆ, ನಮಗಾದರೆ ಚಿತ್ರದುರ್ಗ ತಲುಪುವ ಹೊತ್ತಿಗೆ, ನಿಲ್ಲಿಸಿ ಮತ್ತೊಮ್ಮೆ ಬಿಗಿಯುವುದನ್ನು ಚಾಲಕರು ರೂಢಿ ಮಾಡಿಕೊಂಡಿದ್ದಾರೆ. ಚೀಲಗಳನ್ನು ಜೋಡಿಸುವಾಗಲೇ ನಡುವೆ ಒಂದು ಸಾಲು ಎತ್ತರ ಮಾಡಿಸುವುದೂ ಮುಖ್ಯ, ಆಗ ಮಳೆನೀರು ಹೊದಿಕೆಯ ಮೇಲೆ ನಿಲ್ಲದೆ ಜಾರುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೆ 10 ಕಿಲೋ ಆಯಿತು, ಆ ಗುಳಿ ಹಿಗ್ಗುತ್ತಲೇ ಹೋಗುತ್ತದೆ.

ಹತ್ತಿಯದನ್ನು ಒದ್ದೆಯಾಗಿ ಸುತ್ತಿಟ್ಟರೆ ಶಿಲೀಂಧ್ರ ಅದರ ನೂಲನ್ನೇ ತಿನ್ನುತ್ತದೆ, ಆದ್ದರಿಂದ ಲೋಡು ಇಳಿಸಿದ ದಿನವೇ ಹರಡಿ ಒಣಗಿಸುತ್ತೇವೆ. ಮೇಣ ಸವೆದು ನೀರು ಹನಿಯಾಗಿ ಜಾರದೆ ಬಟ್ಟೆಗೆ ಇಂಗತೊಡಗಿದಾಗ, ಮಾರ್ಚ್ ಅಥವಾ ಏಪ್ರಿಲ್ ಬಿಸಿಲಿನಲ್ಲಿ ಮತ್ತೆ ಮೇಣ ಹತ್ತಿಸುತ್ತೇವೆ; ಬಟ್ಟೆ ಪೂರ್ತಿ ಒಣಗಿದ್ದರೆ ಮಾತ್ರ ಅದು ಹಿಡಿಯುತ್ತದೆ. ಈ ಆರೈಕೆಗೆ ಪುರುಸೊತ್ತಿಲ್ಲದವರು ಹತ್ತಿಯದನ್ನು ಕೊಳ್ಳಬಾರದು.

ಪಿವಿಸಿಯದನ್ನು ಬದಲಿಸುವಾಗ ಅದೇ ತೂಕದ ಬಟ್ಟೆಯನ್ನೇ ತೆಗೆದುಕೊಳ್ಳುತ್ತೇನೆ, ಆದರೆ ಅಂಚಿಗೆ ಹಗ್ಗ ಹೊಲಿಸಿ, ಕ್ಯಾಬಿನ್ನಿನ ಕಡೆಯ ಅಂಚನ್ನು ಎರಡು ಅಡಿ ಹೆಚ್ಚು ಬಿಡಿಸಿ, ಮುಂದಿನ ಚೀಲಗಳ ಅಡಿಗೆ ಸಿಕ್ಕಿಸುವಂತೆ ಮಾಡಿಸುತ್ತೇನೆ. ಹೆಚ್ಚಿನ ಹಣವನ್ನು ಇನ್ನೂ ದಪ್ಪ ಬಟ್ಟೆಗೆ ಹಾಕುವ ಬದಲು ಈ ಕೆಲಸಕ್ಕೆ ಹಾಕುವಂತೆ ಹೊಸದಾಗಿ ಹೊದಿಕೆ ಮಾಡಿಸುವವರಿಗೂ ಹೇಳುತ್ತೇನೆ.