ಬಂದೂಕಿನ ಕಟ್ಟಿಗೆಗೆ ಯಾವುದು ಸರಿ: ಅಗಸಿ ಎಣ್ಣೆ, ಚಪಡಾ (ಅರಗಿನ) ಪಾಲಿಶ್, ಪಿಯು (ಪಾಲಿಯುರೆಥೇನ್ ವಾರ್ನಿಶ್)?

ಕಲಘಟಗಿ, ಅಳ್ನಾವರ ಕಡೆ ಬೆಳೆ ಕಾಯಲು ಲೈಸನ್ಸ್ ಪಡೆದು ಇಟ್ಟುಕೊಂಡ ಬಂದೂಕುಗಳ ಕಟ್ಟಿಗೆ ಮಳೆ, ಬೆವರು ಎರಡಕ್ಕೂ ಮೈಯೊಡ್ಡುತ್ತದೆ. ಹಳೆಯ ಹನ್ನೆರಡು ಬೋರಿನ (ನಳಿಗೆಯ ಅಳತೆ) ಬಂದೂಕುಗಳ ಅಕ್ರೋಟ್ ಕಟ್ಟಿಗೆಗಳಿಗೆ ಮೂರನ್ನೂ ಹಚ್ಚಿ ನೋಡಿದ ಮೇಲೆ ನಮ್ಮ ಮತ ಇಷ್ಟು: ಹೊಲಕ್ಕೆ ಹೋಗುವ ಬಂದೂಕಿಗೆ ಪೇಂಟ್ ಅಂಗಡಿಯ ‘ಬಾಯ್ಲ್ಡ್’ ಅಗಸಿ ಎಣ್ಣೆ, ಕಪಾಟಿನಲ್ಲೇ ಇರುವುದಕ್ಕೆ ಚಪಡಾ.

ಯಾವುದನ್ನೇ ಹಚ್ಚಿ, ತಳದ ಕೆಲಸ ಒಂದೇ. ತೋಟಾ ಇಲ್ಲವೆಂದು ಎರಡು ಸಲ ನೋಡಿ, ಕಟ್ಟಿಗೆಯನ್ನು ಲೈಸನ್ಸ್ ಇರುವ ರಿಪೇರಿಯವರಿಂದಲೇ ಬಿಚ್ಚಿಸಿ. ಬಂದೂಕಿನ ಕುದುರೆಯ (ತೋಟಾ ಸಿಡಿಸುವ ಕೀಲಿನ) ಹಿಂದಿನ ಕಟ್ಟಿಗೆ ಕರ್ರಗೆ ಜಿಡ್ಡಾಗಿರುತ್ತದೆ. ಅದು ವರ್ಷಗಟ್ಟಲೆ ಇಳಿದ ಗನ್ ಆಯಿಲ್. ಚಾಕ್ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ದಪ್ಪಗೆ ಮೆತ್ತಿ, ಒಣಗಿದ ಮೇಲೆ ಉದುರಿಸಿ. ಪುಡಿ ಬೆಳ್ಳಗೇ ಉಳಿಯುವವರೆಗೂ ಮತ್ತೆ ಮತ್ತೆ ಮೆತ್ತಬೇಕು. ತಗ್ಗು ಬಿದ್ದಲ್ಲಿ ಒದ್ದೆ ಅರಿವೆ ಇಟ್ಟು ಇಸ್ತ್ರಿ ಒತ್ತಿದರೆ ನಾರು ಉಬ್ಬಿ ಮೇಲೇಳುತ್ತದೆ. ಪಾಲಿಶ್ ಪೇಪರ್ ನಂಬರ್ 150, 220, 320, ಇದೇ ಕ್ರಮದಲ್ಲಿ, ನಾರಿನ ಗುಂಟವೇ. ಕಬ್ಬಿಣ ಕೂಡುವ ಅಂಚನ್ನು ಮಾತ್ರ ಉಜ್ಜಬೇಡಿ, ಅಲ್ಲಿ ಸವೆದ ಕಟ್ಟಿಗೆ ತಿರುಗಿ ಬರುವುದಿಲ್ಲ. ಹಿಡಿಯುವಲ್ಲಿನ ಚೌಕಳಿ ಗೆರೆಗಳಿಗೆ ಟೇಪ್ ಹಚ್ಚಿ. ಅವಕ್ಕೆ ಹಳೆಯ ಹಲ್ಲುಬ್ರಷ್ ಸಾಕು.

ಈಗ ಎಣ್ಣೆ. ನಮ್ಮ ಗಾಣದ ಅಗಸಿ ಎಣ್ಣೆ ಅಡುಗೆಗೆ ಚಲೋ, ಕಟ್ಟಿಗೆಗೆ ಅಲ್ಲ: ವಾರ ಕಳೆದರೂ ಅಂಟಂಟು, ಧೂಳೆಲ್ಲ ಹಿಡಿಯುತ್ತದೆ. ಅಂಗಡಿಯದರಲ್ಲಿ ಬೇಗ ಒಣಗಿಸುವ ಲೋಹದ ಲವಣ ಬೆರೆತಿರುತ್ತದೆ, ಮನೆಯಲ್ಲಿ ಕಾಯಿಸಿದರೆ ಅದು ಬರುವುದಿಲ್ಲ. ಮೊದಲ ಕೋಟ್ ಅರ್ಧ ಎಣ್ಣೆ, ಅರ್ಧ ಟರ್ಪೆಂಟೈನ್. ಮುಂದಿನವು ಬರೀ ಎಣ್ಣೆ, ಅಂಗೈ ಬಿಸಿಯಾಗುವಂತೆ ತಿಕ್ಕಿ, 15 ನಿಮಿಷಕ್ಕೆ ಪೂರ್ತಿ ಒರೆಸಬೇಕು. ಒರೆಸದೆ ಬಿಟ್ಟ ಎಣ್ಣೆ ಮೇಲೆ ಕೆನೆಗಟ್ಟುತ್ತದೆ, ಒಳಗೆ ಹಸಿಯಾಗೇ ಇರುತ್ತದೆ. ಬೇಸಿಗೆಯಲ್ಲಿ ದಿನಕ್ಕೊಂದು ಕೋಟ್, ಒಟ್ಟು ಆರು. ಧಾರವಾಡದ ಆಷಾಢದ ಜಿಟಿಜಿಟಿಯಲ್ಲಿ ಈ ಕೆಲಸ ಹಿಡಿಯಲೇಬೇಡಿ. ಗೀರು ಬಿದ್ದರೆ ಅಷ್ಟಕ್ಕೇ ಎರಡು ಹನಿ ತಿಕ್ಕಿದರೆ ಆಯಿತು. ಇದನ್ನು ಮೆಚ್ಚುವುದೇ ಇದಕ್ಕಾಗಿ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸೇರಿ ತಾನೇ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಇಲ್ಲವೇ ಹೊರಗೆ ಬಿಡಿಯಾಗಿ ಹರವಿ.

ಹೊಳಪಿನಲ್ಲಿ ಚಪಡಾದ ಮುಂದೆ ಎಣ್ಣೆ, ಪಿಯು ಎರಡೂ ಸಪ್ಪೆ. 200 ಗ್ರಾಂ ಚಪಡಾ, 1 ಲೀಟರ್ ಮೆಥಿಲೇಟೆಡ್ ಸ್ಪಿರಿಟ್, ರಾತ್ರಿಯಿಡೀ ಕರಗಿಸಿ ಸೋಸಿ, ಹತ್ತಿ ಉಂಡೆಗೆ ಹಳೆಯ ಬನಿಯನ್ ಸುತ್ತಿ ತೆಳ್ಳಗೆ ಎಳೆಯಬೇಕು. ನಿಮಿಷಗಳಲ್ಲಿ ಒಣಗುತ್ತದೆ. ಆದರೆ ನೀರು ನಿಂತಲ್ಲಿ ಬೆಳ್ಳಗಾಗುತ್ತದೆ. ಮಹಾನವಮಿ ಪೂಜೆಗೆ ಹಚ್ಚಿದ ಒದ್ದೆ ಕುಂಕುಮ, ಗಂಧವನ್ನು ಹಾಗೇ ಬಿಟ್ಟರೂ ಕಲೆ ಉಳಿಯುತ್ತದೆ.

ಪಿಯು ನೀರಿಗೆ ಎಲ್ಲಕ್ಕಿಂತ ಗಟ್ಟಿ. ಡಬ್ಬಿಯ ಮೇಲಿನ ಅಳತೆಗೇ ಹಾರ್ಡ್ನರ್ (ಗಟ್ಟಿಯಾಗಿಸುವ ದ್ರವ) ಬೆರೆಸಿ, ಮಾಸ್ಕ್ ಹಾಕಿ. ಆದರೆ ಜಿಡ್ಡು ಉಳಿದಲ್ಲಿ ಸಿಪ್ಪೆಯಂತೆ ಏಳುತ್ತದೆ, ಚೌಕಳಿ ಗೆರೆ ತುಂಬಿ ಹಿಡಿತ ಜಾರುತ್ತದೆ, ಒಂದು ಗೀರಿಗೆ ಇಡೀ ಕಟ್ಟಿಗೆ ಉಜ್ಜಬೇಕು.

ಯಾವುದೇ ಆಗಲಿ, ಹೆಗಲಿಗೆ ಒತ್ತುವ ಹಿಂಬದಿಯ ಪಟ್ಟಿಯ ಕೆಳಗೂ, ಕಬ್ಬಿಣ ಕೂರುವ ಒಳತಗ್ಗಿನಲ್ಲೂ ಎರಡು ಕೋಟ್ ತಪ್ಪದೆ ಹಚ್ಚಿ. ಅಲ್ಲಿ ನಾರಿನ ಬಾಯಿ ತೆರೆದಿರುತ್ತದೆ, ನೀರು, ಎಣ್ಣೆ ಎರಡೂ ಅಲ್ಲಿಂದಲೇ ಒಳಗಿಳಿಯುವುದು. ನಳಿಗೆಗೆ ಗನ್ ಆಯಿಲ್ ಹಾಕಿದ ದಿನ ಬಂದೂಕನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಹೆಚ್ಚಾದ ಎಣ್ಣೆ ಕಟ್ಟಿಗೆಗೆ ಇಳಿಯುವುದಿಲ್ಲ.