ಐದು ವರ್ಷ ಬಳಸಿದ ಕೆಂಪು ಲೇಸರ್: ಕೊಳ್ಳುವ ಮೊದಲು ಒಂದು ಮಾತು ಕೇಳಿ

ಹಾಸನದ ನಮ್ಮ ಕಾಲೇಜಿನ ಎಂ.ಎಸ್ಸಿ. ಲ್ಯಾಬಿಗೆ 5 ಮಿಲಿವ್ಯಾಟ್‌ನ ಹೀಲಿಯಂ-ನಿಯಾನ್ ಲೇಸರ್ ತರಿಸಿ ಐದು ವರ್ಷವಾಯ್ತು. ದ್ರವದಲ್ಲಿ ಬೆಳಕು ಚದುರುವುದನ್ನು ನೋಡಿ ಅಣುಗಳ ಆಟ ತಿಳಿಯೋದು ನಮ್ಮ ಕೆಲಸ. ಮಳೆಗಾಲದಲ್ಲಿ ಕರೆಂಟ್ ಹತ್ತು ಸಲ ಹೋಗಿ ಬಂದರೂ ಟ್ಯೂಬ್ ಒಂದು ದಿನ ಕೈಕೊಟ್ಟಿಲ್ಲ.

ಆದರೆ ಮೊದಲ ವರ್ಷ ಸಾಕುಸಾಕಾಯ್ತು. ಪೋಲರಾಯ್ಡ್ (ಒಂದೇ ದಿಕ್ಕಿನ ಕಂಪನದ ಬೆಳಕು ಬಿಡೋ ಹಾಳೆ) ಇಟ್ಟು ಅಳೆದರೆ ಮೀಟರ್ ಮುಳ್ಳು ಉಯ್ಯಾಲೆ ಆಡುತ್ತಿತ್ತು. ಬೆಳಕು ಅಳೆಯೋ ಫೋಟೊಡಯೋಡ್ ಬದಲಾಯಿಸಿದೆವು. ಮೇಜು ಅಲ್ಲಾಡಿಸಿದೆ ಅಂತ ಒಬ್ಬ ಹುಡುಗನನ್ನು ಸುಮ್ನೆ ಬೈದೆ. ಕೊನೆಗೆ ದ್ರವ ತೆಗೆದು, ನೇರ ಲೇಸರಿಗೇ ಪೋಲರಾಯ್ಡ್ ಹಿಡಿದೆ. ಅದೇ ಉಯ್ಯಾಲೆ! ನಮ್ಮದು ಪೋಲರೈಸ್ ಆಗದ ಟ್ಯೂಬ್, ಅಂದರೆ ಬೆಳಕಿನ ಕಂಪನ ಒಂದೇ ದಿಕ್ಕಿಗೆ ನಿಂತಿರಲ್ಲ. ಅದರೊಳಗೆ ಅಕ್ಕಪಕ್ಕದ ಮೋಡ್‌ಗಳ (ತುಸುವೇ ಬೇರೆ ಆವರ್ತನದ ಬೆಳಕುಗಳ) ಕಂಪನ ಒಂದಕ್ಕೊಂದು ಅಡ್ಡ. ಟ್ಯೂಬ್ ಬಿಸಿಯಾಗಿ ಉದ್ದವಾದಂತೆ ಒಂದು ಏರುತ್ತೆ, ಇನ್ನೊಂದು ಇಳಿಯುತ್ತೆ. ಒಟ್ಟು ಬೆಳಕು ಹೆಚ್ಚುಕಡಿಮೆ ಅಷ್ಟೇ ಇರೋದರಿಂದ ಪೋಲರಾಯ್ಡ್ ಇಲ್ಲದೆ ಗೊತ್ತೇ ಆಗಲ್ಲ. ಮಾರಿದವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಒಂದು ಗಂಟೆ ಮೊದಲೇ ಆನ್ ಮಾಡಿ, ಪಕ್ಕದಲ್ಲಿ ಇನ್ನೊಂದು ಫೋಟೊಡಯೋಡ್ ಇಟ್ಟು ಲೆಕ್ಕ ಸರಿಮಾಡಿಕೊಳ್ಳುತ್ತೇವೆ.

ಈಗ ದ್ರವದ ಮಾತು. ಬಾಟಲಿಯಿಂದ ನೇರ ಸುರಿದ ಟಾಲುಯೀನ್‌ನಲ್ಲಿ ಧೂಳು ಮಿಣುಮಿಣು ಅನ್ನುತ್ತೆ, ಹೆಂಚಿನ ಸಂದಿಯ ಬಿಸಿಲುಕೋಲಿನ ಹಾಗೆ. 0.2 ಮೈಕ್ರಾನ್ ಟೆಫ್ಲಾನ್ ಫಿಲ್ಟರಿನಲ್ಲಿ ಎರಡು ಸಲ ಸೋಸಿದ ಮೇಲೆ ಉಳಿಯೋದು ತೆಳ್ಳನೆ ಕೆಂಪು ಗೆರೆ. ಲೈಟ್ ಆರಿಸಿ, ಪಕ್ಕದಿಂದ ಅಡ್ಡ ಪೋಲರಾಯ್ಡ್ ಹಿಡಿದು ನೋಡಿ. ಗೆರೆ ಮಂಕಾಗುತ್ತೆ, ಮಾಯವಾಗಲ್ಲ. ಅದರ ಬದಲು ಸೈಕ್ಲೋಹೆಕ್ಸೇನ್ ದ್ರವ ಇಟ್ಟರೆ ಬಹುತೇಕ ಕತ್ತಲೆ. ಟಾಲುಯೀನ್ ಅಣುವಿನ ಉಂಗುರ ಚಪ್ಪಟೆ. ಅದು ಯಾವ ಕಡೆ ತಿರುಗಿದೆ ಅನ್ನೋದರ ಮೇಲೆ ಚದುರುವ ಬೆಳಕು ಬದಲಾಗುತ್ತೆ. ಹಾಗೆ ತಿರುಗಲು ಕೆಲವೇ ಪಿಕೋಸೆಕೆಂಡ್ (ಒಂದು ಪಿಕೋಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು) ಸಾಕು. ಆ ವೇಗ ಅಳೆಯಲು ಬೆಳಕಿನ ಆವರ್ತನದ ಸಣ್ಣ ವ್ಯತ್ಯಾಸ ತೋರಿಸೋ ಫ್ಯಾಬ್ರಿ-ಪೆರೋ ಉಪಕರಣ ಬೇಕು, ನಮ್ಮಲ್ಲಿಲ್ಲ. ಚಲನೆ ಕಣ್ಣಿಗೇ ಕಾಣಲಿ ಅಂತ ನೀರಿಗೆ ಒಂದು ತೊಟ್ಟು ಹಾಲು ಹಾಕಿ ತೋರಿಸುತ್ತೇನೆ. ಕೊಬ್ಬಿನ ಕಣ ನಿಧಾನ, ಗೋಡೆ ಮೇಲಿನ ಚುಕ್ಕಿಗಳು ಕುದಿಯುವ ಹಾಗೆ ಕಾಣುತ್ತವೆ. 1928ರಲ್ಲಿ ರಾಮನ್, ಕೃಷ್ಣನ್ ಕಲ್ಕತ್ತಾದಲ್ಲಿ ಸೂರ್ಯನ ಬೆಳಕಲ್ಲೇ ದ್ರವಗಳನ್ನು ನೋಡಿದರು. ನಾವು ಲೇಸರ್ ಇದ್ದೂ ಗೊಣಗುತ್ತೇವೆ, ಅಲ್ವಾ?

532 ನ್ಯಾನೋಮೀಟರ್‌ನ ಹಸಿರು ಲೇಸರ್ ತಗೊಂಡರೆ ಅಷ್ಟೇ ಪವರ್‌ಗೆ ಚದುರುವಿಕೆ ನಮ್ಮ 632.8 ನ್ಯಾನೋಮೀಟರ್ ಕೆಂಪಿನ ಎರಡು ಪಟ್ಟು. ರಾಮನ್ ಗೆರೆ (ಚದುರುವಾಗ ಬಣ್ಣ ಬದಲಾದ ಬೆಳಕು) ನೋಡೋರಿಗೆ ಅದೇ ವಾಸಿ. ಅಗ್ಗದ ಪಾಯಿಂಟರ್ ಮಾತ್ರ ಬೇಡ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಸೋರಬಹುದು.

ನಾಲ್ಕು ಸ್ಟಾರ್. ಆರ್ಡರ್ ಮಾಡುವಾಗ ‘ಲೀನಿಯರ್ ಪೋಲರೈಸ್ಡ್’ (ಕಂಪನ ಒಂದೇ ದಿಕ್ಕಿನದು) ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ.